ಕಂಪ್ಯೂಟರಿಗೆ ಕಾಣದ ‘ದೋಣಿ’

ಎರಡು ವರ್ಷದ ಹಿಂದಿನ ಜುಲೈ ತಿಂಗಳು. ಮಣಿಪಾಲದ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ನಾನಾಗ ಬಿಲ್ಡ್ ಟೂಲ್ ತಂಡದ ಹಿರಿಯ ಎಂಜಿನಿಯರ್. ತಂಡ ಎಂದರೆ ನಾವು ನಾಲ್ಕೇ ಜನ. ಪ್ರೋಗ್ರಾಮರ್‌ಗಳು ಬರೆದ ಕೋಡ್, ಚಿತ್ರ ಎಲ್ಲವನ್ನೂ ಒಟ್ಟು ಸೇರಿಸಿ ಮೊಬೈಲಿನಲ್ಲಿ ಓಡುವ ಆ್ಯಪ್ ಕಟ್ಟಿಕೊಡುವ ಸಾಧನವೇ ಬಿಲ್ಡ್ ಟೂಲ್. ಆ ಆ್ಯಪ್‌ಗಳು ಯಾವ ಅಡಿಪಾಯದ ಮೇಲೆ ನಿಲ್ಲುತ್ತವೆಯೋ ಅದು ಫ್ರೇಮ್‌ವರ್ಕ್. ಅದು ಬೇರೆಯವರದು. ಅವರು ಹೊಸ ಆವೃತ್ತಿ ಬಿಡುವ ಕೆಲವು ತಿಂಗಳ ಮೊದಲೇ ‘ಪ್ರಿವ್ಯೂ’ ಎಂದು ಅರೆಬೆಂದ ಆವೃತ್ತಿಗಳನ್ನು ಹೊರಗೆ ಬಿಡುತ್ತಾರೆ. ಪ್ರತಿ ಪ್ರಿವ್ಯೂ ಬಂದಾಗಲೂ ಏನೇನು ಬದಲಾಗಿದೆ ಎಂದು ನೋಡಿ, ನಮ್ಮ ಟೂಲ್ ಅದಕ್ಕೆ ಹೊಂದುವಂತೆ ಮಾಡುವುದು ನಮ್ಮ ಪಾಡು. ಕೆಲಸ ಸರಿಯಾದರೆ ಯಾರಿಗೂ ಗೊತ್ತಾಗುವುದಿಲ್ಲ. ತಪ್ಪಿದರೆ ಬೆಳಗ್ಗೆ ಮೇಲ್ ತೆರೆಯಲು ಧೈರ್ಯ ಬೇಕು.

ಮೂರನೇ ಪ್ರಿವ್ಯೂ ಬಂದ ಎರಡು ದಿನಕ್ಕೆ ಉಚ್ಚಿಲದ ಶರ್ಮಿಳಾ ಎಂಬವರಿಂದ ಒಂದು ದೂರು ಬಂತು. ಕಾಪುವಿನ ಕಂಪ್ಯೂಟರ್ ತರಬೇತಿ ಕೇಂದ್ರವೊಂದರಲ್ಲಿ ಅವರು ಪಾಠ ಮಾಡುತ್ತಿದ್ದರು. ಬಿಡುವಿನಲ್ಲಿ ತಾವೇ ಒಂದು ಆ್ಯಪ್ ಬರೆದಿದ್ದರು. ಯಾವ ದೋಣಿ ಎಷ್ಟು ಹೊತ್ತಿಗೆ ಬಂದರಿಗೆ ಬರುತ್ತದೆ ಎಂದು ಮೀನು ಮಾರುವ ಹೆಂಗಸರಿಗೆ ಸಂದೇಶ ಕಳುಹಿಸುವ ಆ್ಯಪ್ ಅದು. ಹಳೆಯ ಫ್ರೇಮ್‌ವರ್ಕ್‌ನಲ್ಲಿ ಆ ಸಂದೇಶಗಳು ಒಂದು ಗಂಟೆ ತಡವಾಗಿ ತಲುಪುತ್ತಿದ್ದವು. ಪ್ರಿವ್ಯೂನಲ್ಲಿ ಆ ದೋಷ ಸರಿಹೋಗಿತ್ತು. ಆದರೆ ನಮ್ಮ ಟೂಲ್ ಆ್ಯಪ್ ಕಟ್ಟುವುದಿಲ್ಲ ಎಂದು ಹಟ ಹಿಡಿದಿತ್ತು. ಚಿತ್ರಗಳಿದ್ದ ‘ದೋಣಿ’ ಎಂಬ ಫೋಲ್ಡರ್ ಇಲ್ಲ ಎಂದು ಅದರ ವಾದ. ಫೋಲ್ಡರ್ ಅಲ್ಲೇ ಇದೆ ಎಂದು ಶರ್ಮಿಳಾ ಫೋಟೋ ತೆಗೆದು ಕಳುಹಿಸಿದ್ದರು.

ಗ್ರಾಹಕರ ಪ್ರಾಜೆಕ್ಟನ್ನು ಇಡಿಯಾಗಿ ತರಿಸಿಕೊಳ್ಳುವ ಪದ್ಧತಿ ನಮ್ಮಲ್ಲಿಲ್ಲ. ಅಂಥದ್ದೇ ಒಂದು ಚಿಕ್ಕ ಮಾದರಿಯನ್ನು ನಾವೇ ಮಾಡಿ ನೋಡುತ್ತೇವೆ. ನಾನು ಮಾಡಿದೆ, ಆದರೆ ಫೋಲ್ಡರಿಗೆ ಇಂಗ್ಲಿಷಿನಲ್ಲಿ ‘ಬೋಟ್’ ಎಂದು ಹೆಸರಿಟ್ಟೆ. ಕೈಗೆ ಅದೇ ಅಭ್ಯಾಸ. ಟೂಲ್ ಆ್ಯಪನ್ನು ಸಲೀಸಾಗಿ ಕಟ್ಟಿತು. ‘ನಮ್ಮಲ್ಲಿ ಸರಿಯಾಗಿ ನಡೆಯುತ್ತಿದೆ’ ಎಂದು ಬರೆದು ದೂರನ್ನು ಮುಚ್ಚಿದೆ.

ಮರುದಿನ ಶರ್ಮಿಳಾ ಅದನ್ನು ಮತ್ತೆ ತೆರೆದರು. ಈ ಸಲ ಕನ್ನಡದಲ್ಲೇ ‘ದೋಣಿ’ ಎಂದು ಟೈಪ್ ಮಾಡಿ ನೋಡಿದೆ. ಆಗಲೂ ಕಟ್ಟಿತು. ಎರಡನೇ ಸಲ ಮುಚ್ಚಿದೆ.

ಮೂರನೇ ಸಲ ಅವರು ಫೋನ್ ಮಾಡಿದರು. ಸಿಟ್ಟಿರಲಿಲ್ಲ, ಆದರೆ ಮಾತು ನೇರವಾಗಿತ್ತು. “ಮೇಡಂ, ನಿಮ್ಮಲ್ಲಿ ಸರಿ ಉಂಟು, ಒಪ್ಪಿದೆ. ನನ್ನಲ್ಲಿ ಸರಿ ಇಲ್ಲ. ಮಣಿಪಾಲದಿಂದ ಉಚ್ಚಿಲಕ್ಕೆ ಬಸ್ಸು ಉಂಟಲ್ವಾ? ಒಮ್ಮೆ ಬಂದು ನೋಡಿ.”

ನಗು ಬಂತು, ನಾಚಿಕೆಯೂ ಆಯಿತು. ಅಮೆರಿಕದವರ ದೂರಿಗೆ ವಿಡಿಯೊ ಕರೆಯಲ್ಲಿ ಗಂಟೆಗಟ್ಟಲೆ ಕೂರುತ್ತಿದ್ದವಳು ನಾನು. ಇವರು ಒಂದು ಗಂಟೆಯ ದಾರಿಯಲ್ಲಿದ್ದರು. ಶನಿವಾರ ಉಡುಪಿಗೆ ಬಂದು, ಅಲ್ಲಿಂದ ಪಡುಬಿದ್ರಿ ಕಡೆಯ ಬಸ್ಸು ಹತ್ತಿದೆ.

ಮನೆಯ ಚಾವಡಿಯಲ್ಲಿ ಶರ್ಮಿಳಾರ ತಾಯಿ ಗಿರಿಜಕ್ಕ ಇದ್ದರು. ಮೀನು ಮಾರಿ ಮೂವತ್ತು ವರ್ಷ ಕಂಡವರು. ಮಳೆಗಾಲದ ಮೀನುಗಾರಿಕೆ ನಿಷೇಧ ಮುಗಿಯಲು ಹತ್ತೇ ದಿನ ಉಳಿದಿತ್ತು. ದೋಣಿಗಳು ಕಡಲಿಗೆ ಇಳಿದ ಮೇಲೆ ಅವರೂ ಜೊತೆಯ ಮೂವತ್ತೆರಡು ಹೆಂಗಸರೂ ಬೆಳಕು ಹರಿಯುವ ಮೊದಲೇ ಬಂದರಿಗೆ ಹೋಗಿ ಕಾಯಬೇಕು. ದೋಣಿ ಆರಕ್ಕೂ ಬರಬಹುದು, ಹತ್ತಕ್ಕೂ ಬರಬಹುದು. “ಕೂತು ಕೂತು ಸೊಂಟ ಹೋಯಿತು. ಅದಕ್ಕೇ ಇವಳು ಇದನ್ನು ಮಾಡಿದ್ದು” ಎಂದು ತುಳುವಿನಲ್ಲಿ ಹೇಳಿ, ನೀರುದೋಸೆಯ ಜೊತೆಗೆ ಒಣಮೀನಿನ ಚಟ್ನಿ ಬಡಿಸಿದರು.

ಲ್ಯಾಪ್‌ಟಾಪ್ ತೆರೆದೆವು. ಫೋಲ್ಡರ್ ಕಣ್ಣೆದುರೇ ಇತ್ತು. ಟೂಲ್ ಮಾತ್ರ ಇಲ್ಲ ಎನ್ನುತ್ತಿತ್ತು. ಅರ್ಧ ಗಂಟೆ ಬೇರೆ ಬೇರೆ ಕಡೆ ಹುಡುಕಿ ಸೋತ ಮೇಲೆ ಕೇಳಿದೆ: “ಈ ಫೋಲ್ಡರ್ ನೀವೇ ಮಾಡಿದ್ದಾ?”

“ಇಲ್ಲ. ಕಾರ್ಕಳದ ನನ್ನ ಗೆಳತಿ ಚಿತ್ರ ಬಿಡಿಸಿದ್ದು. ಅವಳ ಕಂಪ್ಯೂಟರ್ ಬೇರೆ ಥರದ್ದು. ಅವಳು ಫೋಲ್ಡರ್ ಸಮೇತ ಕಳುಹಿಸಿದಳು.”

ತಕ್ಷಣ ಒಂದು ಯೋಚನೆ ಹೊಳೆಯಿತು. ಫೋಲ್ಡರಿನ ಹೆಸರಿನಲ್ಲಿ ಎಷ್ಟು ಚಿಹ್ನೆಗಳಿವೆ ಎಂದು ಕಂಪ್ಯೂಟರನ್ನೇ ಎಣಿಸಲು ಹೇಳಿದೆ. ಆರು ಎಂದಿತು. ಶರ್ಮಿಳಾ ಕೋಡಿನಲ್ಲಿ ಟೈಪ್ ಮಾಡಿದ್ದ ‘ದೋಣಿ’ಯನ್ನು ಎಣಿಸಿದೆ. ನಾಲ್ಕು!

ವಿಷಯ ಇಷ್ಟೇ. ‘ದೋ’ ಅಕ್ಷರದ ಓತ್ವವನ್ನು ಕಂಪ್ಯೂಟರ್ ಒಂದೇ ಚಿಹ್ನೆಯಾಗಿ ಇಟ್ಟುಕೊಳ್ಳಬಹುದು, ಇಲ್ಲವೇ ಮೂರು ತುಂಡು ಮಾಡಿ ಪಕ್ಕಪಕ್ಕ ಇಡಬಹುದು. ಗೆಳತಿಯ ಕಂಪ್ಯೂಟರ್ ತುಂಡು ಮಾಡಿ ಇಟ್ಟಿತ್ತು, ಶರ್ಮಿಳಾರದು ಒಂದೇ ಚಿಹ್ನೆಯಾಗಿ ಇಟ್ಟಿತ್ತು. ಪರದೆಯ ಮೇಲೆ ಎರಡೂ ಒಂದೇ ಥರ ಕಾಣುತ್ತವೆ. ಹಳೆಯ ಫ್ರೇಮ್‌ವರ್ಕ್ ಎರಡನ್ನೂ ಒಂದೇ ಎಂದು ಒಪ್ಪುತ್ತಿತ್ತು. ಪ್ರಿವ್ಯೂನಲ್ಲಿ ವೇಗ ಹೆಚ್ಚಿಸಲು ಹೋಗಿ ಆ ಹೊಂದಾಣಿಕೆಯನ್ನು ತೆಗೆದಿದ್ದರು. ನಾನು ಮಣಿಪಾಲದಲ್ಲಿ ಫೋಲ್ಡರಿಗೂ ಕೋಡಿಗೂ ಹೆಸರನ್ನು ನನ್ನದೇ ಕೀಬೋರ್ಡಿನಲ್ಲಿ ಬರೆದಿದ್ದರಿಂದ ದೋಷ ಕಾಣಿಸಲೇ ಇಲ್ಲ.

ಗಿರಿಜಕ್ಕನಿಗೆ ಶರ್ಮಿಳಾ ಇದನ್ನು ತುಳುವಿನಲ್ಲಿ ವಿವರಿಸಿದರು. ಅವರು ಪರದೆಯನ್ನು ಸ್ವಲ್ಪ ಹೊತ್ತು ನೋಡಿ, “ಎರಡೂ ದೋಣಿಯೇ ಅಲ್ವಾ ಮಾರಾಯ್ತಿ? ಇದಕ್ಕೆ ಅಷ್ಟು ಗೊತ್ತಿಲ್ವಾ?” ಎಂದರು.

ಫೋಲ್ಡರಿನ ಹೆಸರನ್ನು ಅಳಿಸಿ ಅಲ್ಲೇ ಹೊಸದಾಗಿ ಟೈಪ್ ಮಾಡಿದೆವು. ಟೂಲ್ ಆ್ಯಪನ್ನು ಕಟ್ಟಿತು. ನಾನು ಕೈ ಒರೆಸಿಕೊಂಡು ಏಳುವಷ್ಟರಲ್ಲಿ ಶರ್ಮಿಳಾ ಕೇಳಿದರು: “ನನ್ನದು ಸರಿಯಾಯಿತು. ಇನ್ನೊಬ್ಬರಿಗೆ ಹೀಗೆ ಆದರೆ?”

ಸೋಮವಾರ ನಮ್ಮ ಮ್ಯಾನೇಜರ್ ಪ್ರಭಾಕರ್ ಸರ್ ಹತ್ತಿರ ಹೇಳಿದೆ. “ಹೆಸರನ್ನು ಇಂಗ್ಲಿಷಿನಲ್ಲಿ ಇಡಿ ಎಂದು ಉತ್ತರ ಬರೆಯಿರಿ, ಮುಗಿಯಿತಲ್ಲ?” ಎಂದರು. ಉಚ್ಚಿಲಕ್ಕೆ ಹೋಗದಿದ್ದರೆ ನಾನೂ ಅದನ್ನೇ ಬರೆಯುತ್ತಿದ್ದೆ. “ಸರ್, ತಪ್ಪು ಅವರದಲ್ಲ. ನಾಲ್ಕು ದಿನ ಕೊಡಿ” ಎಂದೆ. ಅವರು ನನ್ನ ಮುಖ ನೋಡಿ, “ನಾಲ್ಕೇ ದಿನ” ಎಂದರು.

ಮೊದಲ ಪ್ರಯತ್ನ ಕೆಟ್ಟಿತು. ಎಲ್ಲ ಹೆಸರುಗಳನ್ನೂ ಒಂದೇ ರೂಪಕ್ಕೆ ತಿದ್ದಿ ಫ್ರೇಮ್‌ವರ್ಕ್‌ಗೆ ಕೊಟ್ಟೆ. ಆ ರೂಪದ ಫೋಲ್ಡರ್ ಡಿಸ್ಕಿನಲ್ಲಿ ಇಲ್ಲದ ಕಾರಣ ಮತ್ತೆ ಅದೇ ದೂರು. ಆಮೇಲೆ ದಾರಿ ಬದಲಿಸಿದೆ. ಹೋಲಿಸುವಾಗ ಮಾತ್ರ ಒಂದೇ ರೂಪಕ್ಕೆ ತರುವುದು, ಕೊಡುವಾಗ ಡಿಸ್ಕಿನಲ್ಲಿ ಇದ್ದ ಹೆಸರನ್ನೇ ಕೊಡುವುದು. ಒಟ್ಟು ಹನ್ನೊಂದು ಸಾಲಿನ ಕೋಡ್. ಅದನ್ನು ನೋಡಿ ಪ್ರಭಾಕರ್ ಸರ್, “ದಿನಕ್ಕೆ ಮೂರು ಸಾಲೂ ಬೀಳಲಿಲ್ಲ” ಎಂದು ನಕ್ಕು ಒಪ್ಪಿಗೆ ಕೊಟ್ಟರು. ಫ್ರೇಮ್‌ವರ್ಕ್ ಮಾಡುವವರಿಗೂ ವರದಿ ಕಳುಹಿಸಿದೆವು. ಮುಂದಿನ ಪ್ರಿವ್ಯೂನಲ್ಲಿ ಅವರೂ ತಿದ್ದಿಕೊಂಡರು. ತಮಿಳು, ಬಂಗಾಳಿ, ಕೊರಿಯನ್ ಹೆಸರುಗಳಿಗೂ ಇದೇ ತೊಂದರೆ ಇತ್ತು ಎಂದು ಉತ್ತರ ಬರೆದಿದ್ದರು.

ಮೀನುಗಾರಿಕೆ ಶುರುವಾದ ವಾರ ಆಫೀಸಿನಲ್ಲಿದ್ದಾಗ ಒಂದು ಫೋನ್ ಬಂತು. ಗಿರಿಜಕ್ಕ. ಹಿಂದೆ ಬಂದರಿನ ಗದ್ದಲ ಕೇಳುತ್ತಿತ್ತು. “ದೋಣಿ ಎಂಟಕ್ಕೆ ಎಂದು ಮೊಬೈಲು ಹೇಳಿತು. ನಿದ್ದೆ ಮಾಡಿ, ಚಾ ಕುಡಿದು ಬಂದೆ” ಎಂದು, ನನ್ನ ಉತ್ತರಕ್ಕೂ ಕಾಯದೆ ವ್ಯಾಪಾರಕ್ಕೆ ಹೋದರು.

ಈಗ ಪ್ರತಿ ಪ್ರಿವ್ಯೂ ಬಂದಾಗಲೂ ಕನ್ನಡ, ತಮಿಳು, ಬಂಗಾಳಿ ಹೆಸರುಗಳ ಮಾದರಿಗಳನ್ನು, ಬೇರೆ ಬೇರೆ ಕಂಪ್ಯೂಟರುಗಳಲ್ಲಿ ಮಾಡಿಸಿದವುಗಳನ್ನು, ಮೊದಲು ಓಡಿಸುತ್ತೇವೆ. ಆದರೆ ನಾನು ಕಲಿತ ಪಾಠ ಅದಕ್ಕಿಂತ ಚಿಕ್ಕದು. ಯಾವುದೇ ದೂರಿಗೆ ‘ನಮ್ಮಲ್ಲಿ ಸರಿಯಾಗಿದೆ’ ಎಂದು ಬರೆಯಲು ಹೊರಟಾಗ, ಅವರು ಮಾಡಿದ್ದನ್ನೇ ನಾನು ಮಾಡಿ ನೋಡಿದೆನೇ ಎಂದು ಒಮ್ಮೆ ಕೇಳಿಕೊಳ್ಳುತ್ತೇನೆ. ಹೆಚ್ಚಿನ ಸಲ ಇಲ್ಲ ಎಂಬುದೇ ಉತ್ತರ.