ಹದಿನೈದು ಹೆಜ್ಜೆಯ ಬಂದೂಕು

ಹೈದರಾಬಾದಿಗೆ ಬಂದ ನಾಲ್ಕನೆಯ ದಿನ, ಬೆಳಿಗ್ಗೆ ಏಳು ಗಂಟೆಗೆ, ನಾನು ಬಂದೂಕು ಹಿಡಿದು ಒಂದು ಜಿಂಕೆಗೆ ಗುರಿಯಿಟ್ಟು ನಿಂತಿದ್ದೆ. ಅದೇನು ಕಾಡಲ್ಲ. ಮಿಯಾಪುರದ ಆಚೆಗಿರುವ ದೊಡ್ಡ ಸಂಸ್ಥೆಯೊಂದರ ಆವರಣ. ಕುರುಚಲು ಗಿಡ, ಬಂಡೆಗಲ್ಲು, ಸುತ್ತ ಎತ್ತರದ ಗೋಡೆ. ಗೋಡೆಯಾಚೆ ಮೂವತ್ತು ಮಹಡಿಯ ಅಪಾರ್ಟ್‌ಮೆಂಟುಗಳು. ಬಾಲ್ಕನಿಗಳಲ್ಲಿ ಒಂದು ಕೈಯಲ್ಲಿ ಚಹಾ, ಇನ್ನೊಂದು ಕೈಯಲ್ಲಿ ಫೋನು ಹಿಡಿದ ಜನ ನನ್ನ ವಿಡಿಯೋ ಮಾಡುತ್ತಿದ್ದರು.

ಕೊಲ್ಲುವ ಬಂದೂಕಲ್ಲ, ಅರಿವಳಿಕೆಯದು. ಗುಂಡಿನ ಬದಲು ಮದ್ದು ತುಂಬಿದ ಸೂಜಿಬಾಣವನ್ನು ಹಾರಿಸುತ್ತದೆ. ಆ ಹೆಣ್ಣು ಜಿಂಕೆಯ ಕೊರಳಿಗೆ ಎಲ್ಲಿಯದೋ ಬೇಲಿಯ ತಂತಿ ಸುತ್ತಿಕೊಂಡು, ಚರ್ಮ ಕೊಯ್ದು ಒಳಗಿಳಿಯುತ್ತಿತ್ತು. ಅದನ್ನು ಮಲಗಿಸಿ ತಂತಿ ಕತ್ತರಿಸುವುದು ನನ್ನ ಕೆಲಸ. ಪಕ್ಕದಲ್ಲಿ ಅರಣ್ಯ ಇಲಾಖೆಯ ಗಾರ್ಡ್ ಮಲ್ಲೇಶ್ ಕೂತಿದ್ದರು. ಜಿಂಕೆ ಪಕ್ಕೆ ತೋರಿಸಿ ನಿಂತಿತು. ಮಲ್ಲೇಶ್ ನನ್ನ ಕಿವಿಯ ಹತ್ತಿರ ಪಿಸುಗುಟ್ಟಿದರು: "ಆಗಂಡಿ ಮೇಡಂ, ಆಗಂಡಿ."

ನಾಲ್ಕು ದಿನದ ನನ್ನ ತೆಲುಗಿಗೆ ಅದು "ಆಗಲಿ, ಮಾಡ್ರಿ" ಎಂದು ಕೇಳಿಸಿತು. ಬಂದೂಕಿನ ಕುದುರೆ ಎಳೆದೆ.

ಢಂ! ದೀಪಾವಳಿಯ ಆಟಂಬಾಂಬಿನಂಥ ಸದ್ದು. ಅದೇ ಕ್ಷಣಕ್ಕೆ ಜಿಂಕೆ ತಿರುಗಿತ್ತು. ಬಾಣ ಬೇವಿನ ಮರಕ್ಕೆ ನಾಟಿತು, ಇಪ್ಪತ್ತು ಜಿಂಕೆಗಳು ದಿಕ್ಕಾಪಾಲಾಗಿ ಓಡಿದವು, ನನ್ನ ಜಿಂಕೆ ಗೋಡೆಗೆ ಡಿಕ್ಕಿ ಹೊಡೆದು ಬಿದ್ದು, ಎದ್ದು, ಕಣ್ಮರೆಯಾಯಿತು. ಮೇಲಿನ ಬಾಲ್ಕನಿಯಿಂದ ಯಾರೋ "ಅಯ್ಯೋ ಪಾಪಂ!" ಎಂದರು. ಮಲ್ಲೇಶ್ ಹಣೆಗೆ ಕೈ ಹಚ್ಚಿಕೊಂಡು ಕೂತರು. ತೆಲುಗಿನಲ್ಲಿ "ಆಗು" ಎಂದರೆ ನಿಲ್ಲು ಎಂದು ಅರ್ಥ ಎಂಬುದನ್ನು ನಾನು ಕಲಿತದ್ದು ಹೀಗೆ. ಇನ್ನೆಂದೂ ಮರೆಯುವಂತಿಲ್ಲ.

ನಾನು ಮುಂಡರಗಿಯವಳು. ಬೀದರಿನಲ್ಲಿ ಪಶುವೈದ್ಯಕೀಯ ಓದಿ, ಊರ ಕಡೆಯ ಆಸ್ಪತ್ರೆಯಲ್ಲಿ ಎರಡು ವರ್ಷ ಗುತ್ತಿಗೆಯ ಮೇಲೆ ಎಮ್ಮೆ, ಎತ್ತು, ಆಡುಗಳನ್ನು ನೋಡಿದವಳು. ಅಲ್ಲಿ ಪ್ರಾಣಿ ಹಗ್ಗದ ಸಮೇತ, ಮಾಲೀಕನ ಸಮೇತ ಬರುತ್ತದೆ. "ನಿನ್ನಿ ಸಂಜಿಯಿಂದ ಮೇವು ಮುಟ್ಟಿಲ್ರಿ" ಎಂದು ಅವನೇ ಅರ್ಧ ರೋಗ ಹೇಳಿಬಿಡುತ್ತಾನೆ. ಇಲ್ಲಿ ನಾನು ಸೇರಿಕೊಂಡದ್ದು ವನ್ಯಜೀವಿಗಳನ್ನು ರಕ್ಷಿಸುವ ಒಂದು ಸಣ್ಣ ತಂಡವನ್ನು. ಇಲ್ಲಿಯ ಪ್ರಾಣಿಗೆ ಹಗ್ಗವಿಲ್ಲ, ಅದರ ಪರವಾಗಿ ಮಾತಾಡುವವರಿಲ್ಲ, ಮುಖ್ಯವಾಗಿ ಅದಕ್ಕೆ ನಾನು ಬೇಕಾಗಿಯೇ ಇಲ್ಲ. ಅಲ್ಲಿ ರೋಗಿ ನನ್ನ ಬಾಗಿಲಿಗೆ ಬರುತ್ತಿದ್ದರೆ, ಇಲ್ಲಿ ಅದರ ಬೆನ್ನು ಹತ್ತಿ ನಾನು ಅಲೆಯಬೇಕು.

ಮನೆ ಸಿಕ್ಕದ್ದು ಹಿಮಾಯತ್‌ನಗರದ ಹಿಂದಿನ ಗಲ್ಲಿಯಲ್ಲಿ, ಒಂದು ಪೋರ್ಷನ್. ಮನೆಯ ಒಂದು ಭಾಗವನ್ನು ಪ್ರತ್ಯೇಕ ಬಾಗಿಲಿಟ್ಟು ಬಾಡಿಗೆಗೆ ಕೊಟ್ಟರೆ ಇಲ್ಲಿ ಹಾಗನ್ನುತ್ತಾರೆ. ಮೊದಲ ವಾರ ನನ್ನ ಉದ್ದನೆಯ ಚೀಲ ನೋಡಿದ ಮನೆಯೊಡತಿ "ವೀಣೆಯಾ?" ಎಂದು ಕೇಳಿದರು. ಬಂದೂಕು ಎಂದಾಗ ಒಂದು ಹೆಜ್ಜೆ ಹಿಂದೆ ಸರಿದು, "ಮೀರು ಪೋಲೀಸಾ ಅಮ್ಮಾ?" ಎಂದರು. ದನದ ಡಾಕ್ಟರು ಎಂದು ವಿವರಿಸಿದ ಮೇಲೂ ಅವರ ದೃಷ್ಟಿ ಚೀಲದ ಮೇಲಿಂದ ಕದಲಲಿಲ್ಲ. ಮರುದಿನ ಮಾತ್ರ ಒಂದು ಬಟ್ಟಲು ಗೋಂಗೂರ ಪಪ್ಪು ಕಳಿಸಿದರು. ಬಾಯಿಗಿಟ್ಟರೆ ನಮ್ಮ ಪುಂಡಿಪಲ್ಯ! ನಾವು ರೊಟ್ಟಿಗೆ ಹಚ್ಚಿಕೊಳ್ಳುವುದನ್ನು ಇವರು ಬಿಸಿ ಅನ್ನಕ್ಕೆ ಕಲಸುತ್ತಾರೆ, ಅಷ್ಟೇ. ಇಡೀ ದಿನ ತೆಲುಗು ಹಿಂದಿಗಳ ನಡುವೆ ತಡವರಿಸಿ ಬಂದು, ಗೋಡೆಯ ಮೇಲಿನ ಹಲ್ಲಿಯ ಜೊತೆ ಕನ್ನಡ ಮಾತಾಡಿಕೊಂಡು ಅದನ್ನು ತಿಂದೆ.

ನಮ್ಮ ತಂಡದ ಹಿರಿಯ ವೈದ್ಯರು ಶ್ರೀಧರ್ ಸರ್. ಜಿಂಕೆ ತಪ್ಪಿಸಿಕೊಂಡದ್ದಕ್ಕೆ ಬೈಯುತ್ತಾರೆ ಎಂದುಕೊಂಡಿದ್ದೆ. "ತಪ್ಪು ಅರ್ಧ ನಿನ್ನದು, ಅರ್ಧ ಬಂದೂಕಿನದು," ಎಂದರು. "ಆ ಬಂದೂಕು ದೊಡ್ಡ ಕಾಡಿಗೆ, ಎತ್ತರದ ಗಂಡಸಿಗೆ ಮಾಡಿದ್ದು. ಹೊಸದೊಂದು ತಗೊಳ್ಳಬೇಕು ಅಂತ ಬಹಳ ದಿನದಿಂದ ಅನ್ನುತ್ತಿದ್ದೇನೆ. ಹಿಡಿಯುವವಳು ನೀನು, ಆರಿಸುವವಳೂ ನೀನೇ. ಆದರೆ ಬೇಗ. ಆ ತಂತಿ ಹತ್ತು ದಿನ ಕಾಯುವುದಿಲ್ಲ."

ನಿಜ ಹೇಳುತ್ತೇನೆ, ಅಂಗಡಿಯಲ್ಲಿ ಸೀರೆ ಆರಿಸುವಾಗಲೂ ನನಗೆ ಅಷ್ಟು ಸಂಭ್ರಮವಾಗಿದ್ದಿಲ್ಲ. ಮರುದಿನವೇ ನಾಚಾರಂಗೆ ಹೋದೆ. ಲೇತ್ ಮಷೀನುಗಳು ಕಿರುಗುಡುವ ಓಣಿಯಲ್ಲಿ ಖಾಲಿದ್ ಭಾಯ್ ಅವರ ಶೆಡ್ಡು. ಲೈಸೆನ್ಸು, ಕಾಗದಪತ್ರ ಎಲ್ಲ ಇಟ್ಟುಕೊಂಡು ಅರಣ್ಯ ಇಲಾಖೆಗಳಿಗೆ ಅರಿವಳಿಕೆ ಬಂದೂಕು ಪೂರೈಸುವ, ರಿಪೇರಿ ಮಾಡುವ ಮನುಷ್ಯ.

"ಆವಾಜ್ ನಕ್ಕೋ, ಲಂಬಾ ನಕ್ಕೋ, ಹೌ ನಾ?" ಎಂದರು ನನ್ನ ಕಥೆ ಕೇಳಿ. ಸದ್ದೂ ಬೇಡ, ಉದ್ದವೂ ಬೇಡ, ಹೌದಲ್ಲ ಎಂದು; ನಕ್ಕೋ ಎಂದರೆ ಬೇಡ, ಹೌ ಎಂದರೆ ಹೌದು. ಇಷ್ಟು ದಕ್ಕನಿ ಉರ್ದು ನಮ್ಮ ಗದಗಿನ ಓಣಿಗಳಲ್ಲೂ ಉಂಟು, ಹಾಗಾಗಿ ತಟ್ಟನೆ "ಹೌ!" ಎಂದೆ. ಅವರು ಖುಷಿಯಾಗಿ ಮೂರು ಸಾಧನಗಳನ್ನು ಮೇಜಿನ ಮೇಲೆ ಇಟ್ಟರು.

ಶೆಡ್ಡಿನ ಹಿಂದೆ ಹುಲ್ಲು ತುಂಬಿದ ಗೋಣಿಚೀಲವೇ ಗುರಿ. ಸದ್ದನ್ನು ಅಳೆಯುವುದು ಹೇಗೆ ಎಂದು ಕೇಳಿದರೆ ಖಾಲಿದ್ ಭಾಯ್ ಮೇಲೆ ಕೈ ತೋರಿಸಿದರು. ತಗಡಿನ ಮಾಡಿನ ಮೇಲೆ ಸಾಲಾಗಿ ಪಾರಿವಾಳಗಳು. "ಇವೇ ನಮ್ಮ ಜಡ್ಜುಗಳು," ಎಂದು ಅವರ ಭಾಷೆಯಲ್ಲಿ ಹೇಳಿ ನಕ್ಕರು.

ಮೊದಲನೆಯದು ನಮ್ಮ ಹಳೆಯದರಂಥದೇ, ಸಿಡಿಮದ್ದಿನ ಪುಡಿ ಹೊತ್ತಿ ಬಾಣ ತಳ್ಳುವ ಉದ್ದ ಬಂದೂಕು. ನಲವತ್ತು ಹೆಜ್ಜೆಯಾಚೆಗೂ ಗುರಿ ತಪ್ಪುವುದಿಲ್ಲ. ಆದರೆ ಹಾರಿಸಿದ್ದೇ ತಡ, ಮಾಡು ಖಾಲಿ! ಪಾರಿವಾಳಗಳು ಮರಳಿ ಬರಲು ನಾವು ಒಂದು ಚಹಾ ಮುಗಿಸಬೇಕಾಯಿತು. ಎರಡನೆಯದು ಬಾಯಿಂದ ಊದುವ ಕೊಳವೆ. ಒಂದು ಹಕ್ಕಿಯೂ ಅಲುಗಲಿಲ್ಲ, ಆದರೆ ನನ್ನ ಉಸಿರಿಗೆ ಬಾಣ ಎಂಟು ಹೆಜ್ಜೆ ಹೋಗಿ ನೆಲಕ್ಕೆ ಬಾಗುತ್ತಿತ್ತು. ಮೂರನೆಯದನ್ನು ಕೈಗೆತ್ತಿಕೊಂಡಾಗ ಆಟಿಕೆ ಎಂದುಕೊಂಡೆ. ನನ್ನ ತೋಳಿನಷ್ಟೇ ಉದ್ದ. ಸೈಕಲ್ ಪಂಪಿನಂಥದರಿಂದ ಗಾಳಿ ತುಂಬಬೇಕು. ನಳಿಗೆಯ ಸುತ್ತ ದಪ್ಪನೆಯ ಕವಚ, ಗಾಳಿ ಒಮ್ಮೆಲೇ ಹೊರನುಗ್ಗದಂತೆ.

ಎಳೆದೆ. 'ಫುಸ್' ಎಂದಿತು, ಚೀಲದಲ್ಲಿ ಬಾಣ ನಾಟಿದ ಸಪ್ಪಳವೇ ಅದಕ್ಕಿಂತ ಜೋರು. ಮಾಡಿನ ತುದಿಯಲ್ಲಿದ್ದ ಒಂದೇ ಒಂದು ಪಾರಿವಾಳ ಕತ್ತು ವಾರೆ ಮಾಡಿ ನನ್ನನ್ನು ನೋಡಿ, ಮತ್ತೆ ರೆಕ್ಕೆ ಕೆದರಿಕೊಂಡು ಕೂತಿತು. ನಾನು ಕುಣಿಯುವುದೊಂದು ಬಾಕಿ!

ಖಾಲಿದ್ ಭಾಯ್ ತಿಳಿಸಿ ಹೇಳಿದರು. ಬೇಟೆಯವನಿಗೆ ವೇಗ ಬೇಕು, ನನಗೆ ನಿಧಾನ ಬೇಕು. ವೇಗವಾಗಿ ಹೋದ ಬಾಣ ಎಲುಬು ಮುರಿಯುತ್ತದೆ. ನಿಧಾನದ್ದು ಚರ್ಮದೊಳಗೆ ಸೂಜಿಯಷ್ಟೇ ಇಳಿಸಿ ನಿಲ್ಲುತ್ತದೆ. ನಿಧಾನದ್ದಕ್ಕೆ ಸದ್ದೂ ಕಡಿಮೆ. ಆದರೆ ಅದು ದೂರ ಹೋಗುವುದಿಲ್ಲ. ಸಂಜೆಯವರೆಗೆ ಹತ್ತು, ಹದಿನೈದು, ಇಪ್ಪತ್ತು ಹೆಜ್ಜೆಗಳಿಂದ ಹಾರಿಸಿ ನೋಡಿದೆ. ಹದಿನೈದರಿಂದ ಐದಕ್ಕೆ ಐದೂ ಒಂದು ರೊಟ್ಟಿಯಗಲದೊಳಗೆ. ಇಪ್ಪತ್ತರಿಂದ ಎಲ್ಲೆಂದರಲ್ಲಿ.

"ಇದೇ," ಎಂದು ಶ್ರೀಧರ್ ಸರ್‌ಗೆ ಫೋನು ಮಾಡಿದೆ.

"ಒಳ್ಳೆಯದು. ಜಿಂಕೆಗೆ ಹದಿನೈದು ಹೆಜ್ಜೆ ಹತ್ತಿರ ಹೇಗೆ ಹೋಗುತ್ತೀ?" ಎಂದರು.

ಅದಕ್ಕೊಂದು ದಾರಿ ಹುಡುಕುತ್ತ ಎರಡು ದಿನ ಮಲ್ಲೇಶ್ ಜೊತೆ ಆವರಣ ಸುತ್ತಿದೆ. ಆ ಢಂ ಸದ್ದು ಅವುಗಳಿಗೆ ನೆನಪಿತ್ತು. ಖಾಕಿ ಅಂಗಿ ಕಂಡರೆ ನೂರು ಹೆಜ್ಜೆಯಿಂದಲೇ ಬಾಲ ಎತ್ತಿ ಓಡುತ್ತಿದ್ದವು. ಮೂರನೆಯ ದಿನ ಗೋಡೆ ಒಡೆದ ಜಾಗದಲ್ಲಿ, ಹೊಸ ಕಟ್ಟಡ ಏಳುತ್ತಿದ್ದ ಕಡೆ, ಒಬ್ಬಳೇ ನಿಂತು ಗೊಣಗಿಕೊಂಡೆ: "ಎಲ್ಲಿ ಹಾಳಾಗಿ ಹೋದ್ವೋ ಏನೋ ಇವು."

"ಏನ್ ಹುಡಕಾಕತ್ತೀರಿ ಯಕ್ಕಾ?"

ತಿರುಗಿದರೆ, ಸೀರೆಯ ಮೇಲೆ ಗಂಡಸರ ಅಂಗಿ ತೊಟ್ಟು, ತಲೆಯ ಮೇಲೆ ಬುಟ್ಟಿ ಹೊತ್ತ ಹೆಂಗಸು. ಈ ಊರಿಗೆ ಬಂದ ಎಂಟು ದಿನಗಳಲ್ಲಿ ನನ್ನೆದುರು ನಿಂತು ಯಾರೂ ಕನ್ನಡ ಮಾತಾಡಿರಲಿಲ್ಲ. ಯಾವೂರು ಎಂದು ಮೊದಲು ಕೇಳಿದೆ. ಹೆಸರು ಶರಣಮ್ಮ, ಸುರಪುರದ ಕಡೆಯವಳು. ಗಂಡನ ಜೊತೆ ನಾಲ್ಕು ವರ್ಷದಿಂದ ಈ ಊರಿನ ಕಟ್ಟಡಗಳ ಮೇಲೆ ಕೆಲಸ. ನಾನು ಜಿಂಕೆಯ ಕಥೆ ಹೇಳಿದೆ.

"ಕೊಳ್ಳಾಗ ತಂತಿ ಇರೂದೇನ್ರಿ? ದಿನಾ ಬರ್ತೈತಿ. ನಮ್ಮ ನೀರಿನ ಟಾಕಿ ಸೋರತೈತಲ್ರಿ, ಮೂರು ಗಂಟೇಕ್ಕ ಅಲ್ಲಿ ನೀರ್ ಕುಡ್ಯಾಕ ಬರ್ತಾವು. ಪಾಪ, ಅದಕ್ಕ ನುಂಗಾಕ ಭಾಳ ತ್ರಾಸ ಆಕೈತಿ."

"ನಿಮ್ಮನ್ನ ಕಂಡ್ರ ಓಡೂದಿಲ್ಲೇನು?"

"ನಮ್ಮನ್ನ ಯಾರ್ ನೋಡ್ತಾರ ಬಿಡ್ರಿ. ಜಿಂಕಿನೂ ನೋಡೂದಿಲ್ಲ," ಎಂದು ನಕ್ಕಳು. ನಗು ನಿಲ್ಲಿಸಿ ನನ್ನ ಪ್ಯಾಂಟು, ಬೂಟು ನೋಡಿದಳು. "ಹಿಂಗ ಬಂದ್ರ ಆಗೂದಿಲ್ಲ. ಸೀರಿ ಉಟ್ಕೊಂಡು ಬುಟ್ಟಿ ಹೊತ್ಕೊಂಡು ನನ್ನ ಹಿಂದ ಬರ್ರಿ. ಬಂದೂಕ್ ಎಷ್ಟ್ ಉದ್ದ ಐತ್ರಿ?"

ತೋಳು ಚಾಚಿ ತೋರಿಸಿದೆ.

"ಹಂಗಾದ್ರ ಬುಟ್ಟ್ಯಾಗ ಹಿಡಿತೈತಿ, ಓರೆ ಇಟ್ರ," ಎಂದಳು.

ಮರುದಿನ ಮೇಸ್ತ್ರಿಯ ಒಪ್ಪಿಗೆ ಪಡೆದು, ಮಲ್ಲೇಶ್ ಅವರನ್ನು ಇಟ್ಟಿಗೆ ರಾಶಿಯ ಹಿಂದೆ ಕೂರಿಸಿ, ಸೀರೆಯ ಮೇಲೆ ಶರಣಮ್ಮನ ಗಂಡನ ಅಂಗಿ ತೊಟ್ಟು, ಬಂದೂಕಿಟ್ಟ ಬುಟ್ಟಿ ಹೊತ್ತು ಹೊರಟೆ. ಸದ್ದು ಬೇಡವೆಂದು ಕಾಂಕ್ರೀಟ್ ಮಿಕ್ಸರ್ ನಿಲ್ಲಿಸಲು ಹೇಳಹೋದೆ. ಶರಣಮ್ಮ ತಡೆದಳು: "ನಿಲ್ಲಸಬ್ಯಾಡ್ರಿ. ದಿನದ ಸಪ್ಪಳ ಅವಕ್ಕ ರೂಢಿ ಐತಿ. ಸುಮ್ನಾದ್ರನ ಅಂಜ್ತಾವು." ಎರಡು ವರ್ಷದ ನನ್ನ ಡಾಕ್ಟರಿಕೆಗೆ ಹೊಳೆಯದ ಮಾತು ಅದು.

ಮೂರು ಗಂಟೆಗೆ ಅವು ಬಂದವು. ಒಡೆದ ಗೋಡೆ ದಾಟಿ, ಒಂದರ ಹಿಂದೊಂದು. ನನ್ನ ಜಿಂಕೆ ಕೊನೆಗೆ. ಕೊರಳು ಊದಿಕೊಂಡಿತ್ತು, ನೊಣ ಮುತ್ತಿದ್ದವು. ಶರಣಮ್ಮ ಅವುಗಳ ಎದುರೇ ಬುಟ್ಟಿ ಹೊತ್ತು ನಡೆದಳು. ನಾನು ಅವಳ ನೆರಳಿನಂತೆ ಹೆಜ್ಜೆ ಎಣಿಸಿದೆ. ಮೂವತ್ತು. ಇಪ್ಪತ್ತು. ಜಿಂಕೆ ತಲೆಯೆತ್ತಿತು. ಶರಣಮ್ಮ ನಿಲ್ಲಲಿಲ್ಲ, ತಿರುಗಿ ನೋಡಲೂ ಇಲ್ಲ. ಬುಟ್ಟಿ ಇಳಿಸಿ ಮರಳು ತುಂಬತೊಡಗಿದಳು. ಜಿಂಕೆ ಮತ್ತೆ ನೀರಿಗೆ ಬಾಗಿತು. ಹದಿನೈದರಲ್ಲಿ ನಾನು ಕುಕ್ಕರಗಾಲಿನಲ್ಲಿ ಕೂತು ಬುಟ್ಟಿಯಿಂದ ಬಂದೂಕು ಎತ್ತಿದೆ. ತಪ್ಪಿದರೆ ಈ ನೀರಿಗೂ ಅವು ಬರುವುದಿಲ್ಲ, ಇನ್ನೊಂದು ಅವಕಾಶ ಇಲ್ಲ.

ಫುಸ್.

ಬಾಣ ತೊಡೆಯಲ್ಲಿತ್ತು. ಜಿಂಕೆ ನೊಣ ಕಚ್ಚಿತೆಂಬಂತೆ ಚರ್ಮ ಕೊಡವಿತು, ಹಿಂದೆ ತಿರುಗಿ ನೋಡಿತು, ಮತ್ತೆ ನೀರು ಕುಡಿಯಿತು. ಉಳಿದವು ಕಿವಿಯನ್ನೂ ಅಲುಗಿಸಲಿಲ್ಲ! ಕೆಲವು ನಿಮಿಷಗಳಲ್ಲಿ ಅದರ ಕಾಲು ತಡವರಿಸಿತು, ಮೊಣಕಾಲೂರಿತು, ಮರಳ ರಾಶಿಗೆ ಒರಗಿ ಮಲಗಿತು. ಇಟ್ಟಿಗೆಯ ಹಿಂದಿನಿಂದ ಮಲ್ಲೇಶ್ ಬಾಗಿ ಬಂದು ಅದರ ಕಣ್ಣಿಗೆ ಬಟ್ಟೆ ಹೊದಿಸಿದರು. "ಕೊಟ್ಟಾರು ಮೇಡಂ, ಕೊಟ್ಟಾರು!" ಎಂದರು ಪಿಸುದನಿಯಲ್ಲಿ. ಹೊಡೆದಿರಿ ಎಂದರ್ಥ, ಈ ಸಲ ಮುಖ ನೋಡಿಯೇ ತಿಳಿಯಿತು. ನಾನು ತಂತಿ ಕತ್ತರಿಸಿದೆ, ಗಾಯ ತೊಳೆದು ಮದ್ದು ಹಾಕಿದೆ. ಎಚ್ಚರದ ಸೂಜಿ ಕೊಟ್ಟು ದೂರ ಸರಿದೆವು. ಜಿಂಕೆ ಎದ್ದು, ಕುಡುಕರಂತೆ ನಾಲ್ಕು ಹೆಜ್ಜೆ ಹಾಕಿ, ನಿಂತು, ಕೊರಳು ಉದ್ದಕ್ಕೆ ಚಾಚಿತು. ಮೂರನೆಯ ಮಹಡಿಯಲ್ಲಿ ಸಾಲಾಗಿ ನಿಂತಿದ್ದ ಕೆಲಸಗಾರರು ಚಪ್ಪಾಳೆ ತಟ್ಟದೆ ಕೈ ಮಾತ್ರ ಬೀಸಿದರು. ಶರಣಮ್ಮ ಮೊದಲೇ ಎಲ್ಲರಿಗೂ ತಾಕೀತು ಮಾಡಿದ್ದಳು. ಅವಳು ಮೇಸ್ತ್ರಿಗೆ ತೆಲುಗಿನಲ್ಲಿ, ಮಿಕ್ಸರಿನವನಿಗೆ ಹಿಂದಿಯಲ್ಲಿ, ನನಗೆ ಕನ್ನಡದಲ್ಲಿ ಒಂದೇ ಮಾತು ಹೇಳುತ್ತ ಓಡಾಡಿದಳು: "ನೋಡಿದ್ರಿಲ್ಲೋ, ಕೊಳ್ಳ್ ಎತ್ತಿತು!"

ಇದೆಲ್ಲ ಆಗಿ ಒಂದೂವರೆ ವರ್ಷವಾಯಿತು. ಆಮೇಲೆ ಆ ಬಂದೂಕಿನಿಂದ ಕೋತಿ, ಕೃಷ್ಣಮೃಗ, ಬಾವಿಗೆ ಬಿದ್ದ ನರಿ ಎಲ್ಲ ಮಲಗಿವೆ. ಶರಣಮ್ಮ ಈಗ ನಗರದ ಇನ್ನೊಂದು ತುದಿಯಲ್ಲಿ ಬೇರೊಂದು ಕಟ್ಟಡ ಏರಿದ್ದಾಳೆ, ಫೋನು ಮಾಡುತ್ತಾಳೆ. ಮೊನ್ನೆ ರಜೆಯಲ್ಲಿ ಮುಂಡರಗಿಗೆ ಹೋಗಿದ್ದೆ. ಹಳೆಯ ಆಸ್ಪತ್ರೆಯಲ್ಲಿ ನನ್ನ ಜಾಗ ಮತ್ತೆ ಖಾಲಿಯಿದೆ, ಅರ್ಜಿ ಹಾಕು ಎಂದರು ಅಲ್ಲಿಯ ಹಿರಿಯ ಡಾಕ್ಟರು. ಹಾಕಬೇಕೋ ಬೇಡವೋ ಎಂದು ಯೋಚಿಸುತ್ತ ಆಸ್ಪತ್ರೆಯ ಅಂಗಳದಲ್ಲಿ ನಿಂತಿದ್ದಾಗಲೇ ಕರು ಹಾಕಿ ಏಳಲಾರದೆ ಕುಸಿದ ಎಮ್ಮೆಯೊಂದನ್ನು ಟ್ರಾಲಿಯಲ್ಲಿ ತಂದರು. ಡಾಕ್ಟರು ಊಟಕ್ಕೆ ಹೋಗಿದ್ದರು. ನಾನೇ ರಕ್ತನಾಳಕ್ಕೆ ಮದ್ದು ಬಿಟ್ಟು, ಅದರ ಬೆನ್ನು ತಟ್ಟುತ್ತ ಕೂತೆ.

"ಲೇ ತಲ್ಲೀ, ಲೇ. ಲೇಚಿ ನಿಲಬಡು."

ಎಮ್ಮೆಯ ಮಾಲೀಕ ನನ್ನನ್ನು ವಿಚಿತ್ರವಾಗಿ ನೋಡಿದ. "ಡಾಕ್ಟರ್ರ, ನಮ್ಮ ಎಮ್ಮಿಗೆ ತೆಲುಗು ಬರೂದಿಲ್ರಿ."

ನಾಲಿಗೆ ಕಚ್ಚಿಕೊಂಡೆ. ತಪ್ಪು ಸರಿಪಡಿಸಲು 'ಏಳವ್ವಾ' ಎನ್ನುವಷ್ಟರಲ್ಲಿ ಎಮ್ಮೆ ಮುಂಗಾಲೂರಿ, ಹಿಂಗಾಲು ಒದ್ದುಕೊಂಡು, ಎದ್ದೇ ನಿಂತಿತು. ಅವನು ಹೋ ಎಂದು ನಕ್ಕ. ನಾನೂ ನಕ್ಕೆ. ಕೈ ತೊಳೆಯಲು ತಂಬಿಗೆಯಿಂದ ನೀರು ಹನಿಸುತ್ತ ಆತ ಕೇಳಿದ: "ಈಗ ನಿಮ್ಮನ್ನ ಯಾವೂರಾಕಿ ಅಂತ ತಿಳ್ಕೋಬೇಕ್ರಿ?"

ನೀರು ಮುಗಿಯುವವರೆಗೂ ಕೈ ಉಜ್ಜುತ್ತಲೇ ಇದ್ದೆ.