ಹಸಿರು ಗುರುತಿನ ಹಿಂದಿನ ತೂತು

ಮನೆಗೆ ಬೀಗ ಹಾಕಿ ಮೆಟ್ಟಿಲಿಳಿದ ಮೇಲೂ ಅವಳು ಮತ್ತೆ ಹತ್ತಿಹೋಗಿ ಬೀಗವನ್ನೊಮ್ಮೆ ಜಗ್ಗಿ ನೋಡುತ್ತಾಳೆ. ಮಳೆ ಬರುತ್ತಿರಲಿ, ಬಸ್ಸು ಹೊರಟೇ ಹೋಗಲಿ, ಜಗ್ಗದೆ ಹೋದ ದಿನವಿಲ್ಲ. ಜಗ್ಗುವಾಗ ತುಟಿಯಲ್ಲಿ ದೇವರ ಹೆಸರಿರುತ್ತದೆ. ಕೈ ಮಾತ್ರ ಬೀಗದ ಮೇಲೇ. ಗಂಡ ಕೆಳಗೆ ನಿಂತು, "ನಿನಗೆ ನಂಬಿಕೆ ಇಲ್ದಿರೋದು ದೇವರ ಮೇಲಾ, ಬೀಗದ ಮೇಲಾ?" ಎಂದು ಕೆಣಕುತ್ತಾನೆ. "ಬೀಗ ಹಾಕಿದ ನನ್ನ ಮೇಲೆ" ಎನ್ನುತ್ತಾಳೆ. ಆಫೀಸಿನಲ್ಲಿ ಅವಳಿಗೆ ಚಿಲಕಮ್ಮ ಎಂದೇ ಹೆಸರು.

ಆ ಹೆಸರಿಟ್ಟವರು ಆಫೀಸಿನ ಯಜಮಾನರು, ಅವಳ ಗಂಡನ ಅಣ್ಣ. ಔಷಧದಂಗಡಿಯ ಮೇಲಿನ ಎರಡು ಕೋಣೆಗಳಲ್ಲಿ ವೆಬ್‌ಸೈಟ್ ಕಟ್ಟಿಕೊಡುವ ಕಂಪನಿ ಅವರದು, ಸೈಟುಗಳನ್ನು ನೋಡಿಕೊಳ್ಳುವ ಕೆಲಸ ಇವಳದು. ಕುರ್ಚಿ ಸಿಂಹಾಸನದಂಥದ್ದು, ಒಂದು ಚಕ್ರ ಮುರಿದಿದ್ದರಿಂದ ಭಾವ ಸದಾ ಎಡಕ್ಕೆ ವಾಲಿಕೊಂಡೇ ಅಪ್ಪಣೆ ಕೊಡಿಸುತ್ತಿದ್ದರು. ವೆಬ್‌ಸೈಟ್ ಕಟ್ಟಲು ಬೇಕಾದ ಸಿದ್ಧ ಚೌಕಟ್ಟನ್ನು, ಫ್ರೇಮ್‌ವರ್ಕ್ ಎನ್ನುವುದನ್ನು, ಯಾರೋ ಪುಣ್ಯಾತ್ಮರು ಬರೆದು ಲೋಕಕ್ಕೆಲ್ಲ ಪುಕ್ಕಟೆ ಹಂಚಿದ್ದರು. ಭಾವ ಅದರ ಹೊಟ್ಟೆಯೊಳಗೇ ಕೈಹಾಕಿ ಅಲ್ಲಲ್ಲಿ ಗೀಚಿ, ಇದು ನಮ್ಮ ಸ್ವಂತದ್ದು ಎಂದು ಬೀಗುತ್ತಿದ್ದರು.

ಆ ಚೌಕಟ್ಟಿನಲ್ಲಿ ತೂತಿದೆ ಎಂದು ಅದನ್ನು ಬರೆದವರೇ ಸಾರಿದರು. ಸೈಟಿಗೆ ಬಂದವರು ಹುಡುಕುವ ಜಾಗದಲ್ಲಿ ಟೈಪ್ ಮಾಡಿದ್ದನ್ನೆಲ್ಲ ಅದು ಡೇಟಾಬೇಸಿಗೆ ಅಪ್ಪಣೆಯಂತೆ ಓದಿ ಹೇಳುತ್ತಿತ್ತು. ಚೀಟಿಯಲ್ಲಿ ಹೆಸರಿನ ಜೊತೆಗೆ 'ಬೀರುವಿನ ಕೀಲಿಯನ್ನೂ ಕೊಡು' ಎಂದು ಬರೆದಿದ್ದರೆ, ಕೀಲಿಯನ್ನೂ ಕೊಟ್ಟುಬಿಡುವ ಪೆದ್ದ ಆಳಿನ ಹಾಗೆ. ತೇಪೆಯನ್ನೂ ಅವರೇ ಕಳಿಸಿದ್ದರು. ಅದನ್ನು ಹಾಕಿದರೆ ಬಂದವರ ಮಾತು ಬರೀ ಮಾತಾಗಿ ಉಳಿಯುತ್ತಿತ್ತು. ಆದರೆ ಭಾವನ ಗೀಚಾಟವೆಲ್ಲ ಅಳಿಸಿಹೋಗಿ, ಸರಿಮಾಡುವ ತನಕ ಸೈಟ್ ಮುಚ್ಚಬೇಕಾಗುತ್ತಿತ್ತು.

ಅವರ ದೊಡ್ಡ ಗಿರಾಕಿ ಒಂದು ಮಾನಸಿಕ ಆಸ್ಪತ್ರೆ. ಮನೆಯವರಿಗೂ ಹೇಳದೆ ಜನ ಅಲ್ಲಿ ಹೇಳಿಕೊಂಡದ್ದೆಲ್ಲ ಆ ಡೇಟಾಬೇಸಿನಲ್ಲಿತ್ತು. ಚಿಲಕಮ್ಮನ ತಂಗಿ ಹೇಳಿಕೊಂಡದ್ದೂ ಇತ್ತು. ತಂಗಿ ಅಲ್ಲಿಗೆ ಹೋಗುವುದು ಅಕ್ಕನೊಬ್ಬಳಿಗೇ ಗೊತ್ತು. ತಂಗಿಯ ಗಂಡನ ಮನೆಯವರೋ, ಸುದ್ದಿ ತಿಳಿದರೆ ಅವಳ ಮಗುವನ್ನೇ ಕಿತ್ತುಕೊಳ್ಳುವಂಥ ಜನ.

ಆಸ್ಪತ್ರೆಯವರು ಸೈಟಿನ ತಪಾಸಣೆಗೆ ಜನ ನೇಮಿಸಿದಾಗ ಭಾವನ ಜಾಣತನ ಹೊರಬಿತ್ತು. ತಪಾಸಣೆಯ ಯಂತ್ರ ಚೌಕಟ್ಟು ಹಳೆಯದೋ ಹೊಸದೋ ಎಂದು ಅದರ ಆವೃತ್ತಿಯ ಅಂಕೆಯನ್ನಷ್ಟೇ ಕೇಳುತ್ತದೆಂದು ಅವರಿಗೆ ಗೊತ್ತಿತ್ತು. ತೇಪೆ ಹಾಕಲಿಲ್ಲ, ಹಳೆಯ ಅಂಕೆ ಅಳಿಸಿ ಹೊಸ ಅಂಕೆ ಬರೆದರು. ಎಲ್ಲ ಸರಿಯಿದೆ ಎಂಬ ಹಸಿರು ಗುರುತು ಬಂತು. ಹರಿದ ಅಂಗಿಗೆ ಹೊಸ ಬೆಲೆಚೀಟಿ ಅಂಟಿಸಿ ಭಾವ ಮೀಸೆ ತಿರುವಿದರು. ತೂತು ಹಾಗೇ ಇದೆಯಲ್ಲ ಎಂದು ಚಿಲಕಮ್ಮ ಕೇಳಿದರೆ, ದೇವರಿದ್ದಾನೆ ಬಿಡು ಅಂದರು. ದೇವರನ್ನು ಕಾವಲಿಗೆ ಇವರೇ ಸಂಬಳ ಕೊಟ್ಟು ಇಟ್ಟುಕೊಂಡ ಹಾಗಿತ್ತು ಆ ಮಾತು.

ಅವಳು ವಾದಕ್ಕೆ ಹೋಗಲಿಲ್ಲ. ಭಾವನ ಕಂಪ್ಯೂಟರಿನಲ್ಲೇ ಆಸ್ಪತ್ರೆಯ ಸೈಟ್ ತೆರೆದು, ಹುಡುಕುವ ಜಾಗದಲ್ಲಿ ಅರ್ಧ ಸಾಲು ಟೈಪ್ ಮಾಡಿದಳು. ಚಿಕಿತ್ಸೆಗೆ ಬಂದವರ ಹೆಸರುಗಳೆಲ್ಲ ಪರದೆಯ ಮೇಲೆ ಸುರಿದವು. ಭಾವ ಗಡಬಡಿಸಿ ಎರಡೂ ಅಂಗೈಗಳಿಂದ ಪರದೆ ಮುಚ್ಚಿದರು.

"ನೀವು ಕೈ ಅಡ್ಡ ಇಟ್ರೆ ಊರಿಗೆಲ್ಲ ಕಾಣೋದು ನಿಲ್ಲುತ್ತಾ, ಭಾವ?"

ಬೆರಳ ಸಂದಿಯಲ್ಲಿ ಭಾವನ ಕಣ್ಣು ಒಂದು ಹೆಸರಿನ ಮೇಲೆ ನಿಂತಿತ್ತು. ಬೀಗ ಜಗ್ಗದೆ ಮನೆ ಬಿಡದವಳು ಸಿಟ್ಟಿನ ಭರದಲ್ಲಿ ತಂಗಿಯನ್ನೇ ಬಯಲಿಗಿಟ್ಟಿದ್ದಳು.

ಭಾವನ ದನಿ ಬೆಣ್ಣೆಯಾಯಿತು. "ಹೆದರಬೇಡ ಕಣಮ್ಮ, ಇದು ನಮ್ಮನೆ ಮಾತು. ನಿನ್ನ ತಂಗಿ ಹೆಸರು, ವಿವರ, ಎಲ್ಲ ಈಗಲೇ ಅಳಿಸಿಬಿಡ್ತೀನಿ. ಆಮೇಲೆ ಯಾರು ನುಗ್ಗಿದ್ರೂ ಅವಳು ಸಿಗಲ್ಲ. ನೀನು ಮಾತ್ರ ಸೈಟ್ ಮುಟ್ಟಬೇಡ."

ಒಂದು ಗಳಿಗೆ ಅವಳಿಗೆ ಆಸೆಯಾದದ್ದು ನಿಜ. ಒಂದೇ ಹೆಸರು, ಅಳಿಸಿದರೆ ನಿಶ್ಚಿಂತೆ. ಆದರೆ ಭಾವನ ಅಂಗೈಗಳ ಸುತ್ತ ಉಳಿದವರ ಹೆಸರುಗಳು ಇಣುಕುತ್ತಿದ್ದವು, ಯಾರದೋ ಅಕ್ಕ, ಯಾರದೋ ಮಗ. ಅವಳು ತನ್ನ ಜಾಗಕ್ಕೆ ಹೋಗಿ ಕೂತು ಕೀಲಿಮಣೆಯನ್ನು ಹತ್ತಿರಕ್ಕೆಳೆದುಕೊಂಡಳು.

"ಬೇಡ ಭಾವ. ಅವಳ ಹೆಸರು ಅಲ್ಲೇ ಇರಲಿ, ಡಾಕ್ಟರಿಗೆ ಬೇಕಾಗುತ್ತೆ. ನೀವು ಹೊರಗೆ ಬಾಯಿ ಬಿಡಲ್ಲ ಅಂತ ನನಗೆ ಗೊತ್ತು, ಬಿಟ್ರೆ ಆಸ್ಪತ್ರೆಯ ಗುಟ್ಟು ಎಲ್ಲಿ ನೋಡಿದ್ರಿ ಅಂತ ನಿಮ್ಮನ್ನೇ ಕೇಳ್ತಾರಲ್ಲ." ಸೈಟ್ ಮುಚ್ಚುವ ಗುಂಡಿ ಒತ್ತಿ, ಮುಚ್ಚಿತೋ ಇಲ್ಲವೋ ಎಂದು ಮತ್ತೊಮ್ಮೆ ತೆರೆದು ನೋಡಿದಳು. "ಆಸ್ಪತ್ರೆಯಿಂದ ಫೋನ್ ಬಂದ್ರೆ ನನಗೆ ಕೊಡಿ, ಯಾಕೆ ಮುಚ್ಚಿದ್ದು ಅಂತ ನಾನೇ ಹೇಳ್ತೀನಿ."