ಚೀಲ ತೆರಿ, ಚೀಲ ಕಟ್ಟು

ಕರಿಹಲಗೆಯ ಮುಂದೆ ಹತ್ತು ವರ್ಷ ನಿಂತ ಮೇಲೂ ನಾನು ಕಲಿಸುತ್ತಿದ್ದದ್ದು ಗಣಿತವಲ್ಲ, ಬೆರಳು ತೋರಿಸುವ ವಿದ್ಯೆ ಎಂದು ನನಗೆ ಗೊತ್ತಾದದ್ದು ತೊಂಬತ್ತರ ದಶಕದ ಕೊನೆಯಲ್ಲಿ, ರಾಮದುರ್ಗದ ಹೈಸ್ಕೂಲಿನಲ್ಲಿ. "ಇದನ್ನ ಇಲ್ಲಿಂದ ತಗದು ಅಲ್ಲಿ ಹಾಕ್ರಿ, ಆತು" ಎಂದು ಕೈ ಝಾಡಿಸುವಷ್ಟರಲ್ಲಿ ಮೊದಲ ಬೆಂಚಿನಿಂದ ದನಿ ಬಂತು.

"ಸರ್, 'ಇದು' ಅಂದ್ರ ಯಾವುದರಿ?"

ಒಂಬತ್ತನೇ ತರಗತಿಗೆ ಹೊಸದಾಗಿ ಸೇರಿದ ಹುಡುಗಿ. ಹುಟ್ಟಿನಿಂದ ಕಣ್ಣು ಕಾಣದು. ಅಂಧ ಮಕ್ಕಳ ವಸತಿ ಶಾಲೆಯಲ್ಲಿ ಎಂಟನೆಯದು ಮುಗಿಸಿ ಊರಿಗೆ ಮರಳಿದ್ದಳು. ಅಪ್ಪನದು ಪೇಟೆಯಲ್ಲಿ ಕಾಳಿನ ಅಂಗಡಿ. "ಗಣಿತ ಬಿಡು ತಂಗಿ, ಬದಲಿ ವಿಷಯ ತಗೊಳ್ಳಾಕ ಬರತೈತಿ" ಎಂದು ಹೆಡ್‌ಮಾಸ್ತರರು ಹೇಳಿ ನೋಡಿದರು. ಮುಂದೆ ಕಾಮರ್ಸ್ ಓದಬೇಕು, ಗಣಿತವೇ ಬೇಕು ಎಂದು ಅವಳ ಹಟ. ಅವಳು ಫೇಲಾದರೆ ಎಂಬ ಚಿಂತೆಯನ್ನು ಅವಳ ಪಾಲಿನದೂ ಸೇರಿಸಿ ನಾನೇ ಹೊತ್ತುಕೊಂಡೆ. ಆ ಕೆಲಸಕ್ಕೆ ನನ್ನನ್ನು ಯಾರೂ ಕರೆಯಬೇಕಾಗಿಲ್ಲ.

ಬೀಜಗಣಿತಕ್ಕೆ ಬಂದಾಗ ಗಾಡಿ ಹೂತಿತು. "ಎ ಕೂಡಿಸು ಬಿ, ವರ್ಗ" ಎಂದರೆ ಬಿಯ ವರ್ಗವೋ, ಎರಡೂ ಕೂಡಿದ್ದರ ವರ್ಗವೋ? ನಾನು ಗಾಳಿಯಲ್ಲಿ ಎರಡು ಗೆರೆ ಬಾಗಿಸಿ ತೋರಿಸಿದೆ. ಯಾರಿಗೆ ತೋರಿಸುತ್ತಿದ್ದೇನೆಂದು ನೆನಪಾಗುವಷ್ಟರಲ್ಲಿ ತರಗತಿ ನಕ್ಕಾಗಿತ್ತು. ಅವಳೇ ಕೇಳಿದಳು: "ಎರಡನ್ನೂ ಒಂದ ಚೀಲದಾಗ ಹಾಕಿ ಬಾಯಿ ಕಟ್ಟಿದಂಗೇನ್ರಿ?"

ಅಂದಿನಿಂದ ನಮ್ಮ ತರಗತಿಯಲ್ಲಿ ಅದು ಚೀಲ. ಚೀಲ ತೆರಿ, ಎ ಕೂಡಿಸು ಬಿ, ಚೀಲ ಕಟ್ಟು, ವರ್ಗ. ಕಣ್ಣಿದ್ದವರೂ ತಪ್ಪು ಮಾಡುವುದು ಕಡಿಮೆಯಾಯಿತು. ಶಹಾಬಾಸ್ ಎಂದು ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಹತ್ತನೆಯ ಪರೀಕ್ಷೆಯಲ್ಲಿ ಅವಳು ಹೇಳಿದ್ದನ್ನು ಬರೆಯಲು ನಮ್ಮ ಶಾಲೆಯದೇ ಒಂಬತ್ತನೇ ತರಗತಿಯ ಹುಡುಗಿ ತಯಾರಾಗಿದ್ದಳು. ಗಣಿತದ ಪರೀಕ್ಷೆಯ ಹಿಂದಿನ ದಿನ ಆ ಬರೆಯುವವಳಿಗೆ ಮಂಗನಬಾವು ಬಂತು. ಓಡಾಡಿ, ಅರ್ಜಿ ಕೊಟ್ಟು, ಹತ್ತಿರದ ಸುರೇಬಾನದಿಂದ ಒಂಬತ್ತನೆಯದೇ ಓದುವ ಇನ್ನೊಬ್ಬ ಹುಡುಗಿಯನ್ನು ಕರೆಸಿದೆವು. ಬೇರೆ ಶಾಲೆ, ಪುಕ್ಕಲು ಸ್ವಭಾವ, ಅಕ್ಷರ ಮಾತ್ರ ಮುತ್ತು. ಅಕ್ಷರ ನೋಡಿ ನಾನು ಸಮಾಧಾನಪಟ್ಟೆ. ನಾನು ಸಮಾಧಾನಪಟ್ಟಾಗಲೇ ಏನೋ ಆಗುವುದೆಂದು ಮನೆಯವಳು ಹೇಳುವುದು ಸುಳ್ಳಲ್ಲ.

ಪರೀಕ್ಷೆ ಶುರುವಾಗಿ ಅರ್ಧ ತಾಸಾಗಿತ್ತು. ಪರೀಕ್ಷಾ ಕೇಂದ್ರದ ಗೇಟಿನ ಹೊರಗೆ ಬೇವಿನ ಗಿಡದ ಕೆಳಗೆ ನಿಂತಿದ್ದೆ. ಸಿಪಾಯಿ ಓಡಿ ಬಂದ.

"ಆ ಕಣ್ಣು ಕಾಣದ ಹುಡುಗಿಯ ಮಾಸ್ತರ್ರು ಯಾರ್ರಿ? ಲಗೂನ ಬರ್ರಿ. ಕಾಪಿ ಕೇಸ್ ಆಗೇತಿ."

ಅವನ ಹಿಂದೆ ಓಡಿದೆ.

ಪ್ರತ್ಯೇಕ ಕೋಣೆಯಲ್ಲಿ ಸುರೇಬಾನದ ಹುಡುಗಿ ಅಳುತ್ತಿದ್ದಳು. ಮೇಜಿನ ಮೇಲೆ ಅವಳ ಪಾಟೀಚೀಲ, ಪಕ್ಕದಲ್ಲಿ ಗಣಿತದ ನೋಟುಬುಕ್ಕು. ನಮ್ಮವಳು ಮುಷ್ಟಿ ಬಿಗಿದು ಕೂತಿದ್ದಳು.

"ಚೀಲ ತೆರಿ ಅಂದ್ಲು ಈಕಿ. ಆಕಿ ಎದ್ದು ಹೋಗಿ ಬಾಗಲದಾಗ ಇಟ್ಟ ಚೀಲ ತಗದ್ಲು. ನನ್ನ ಕಣ್ಣಾರೆ ಕಂಡೇನ್ರಿ," ಎಂದ ಕೋಣೆಯ ಮೇಲ್ವಿಚಾರಕ.

ಸವದತ್ತಿ ಕಡೆಯ ಮುಖ್ಯ ಅಧೀಕ್ಷಕರು ನನ್ನತ್ತ ತಿರುಗಿದರು. ಕೈಯಲ್ಲಿ ಡಿಬಾರ್ ಮಾಡುವ ಫಾರ್ಮು. "ಏನ್ರಿ ಮಾಸ್ತರ, ಇದು?"

ನಾನು ಬಾಯಿ ತೆರೆದೆ. "ಸಾಹೇಬ್ರ, ಚೀಲ ಅಂದ್ರ ಚೀಲ ಅಲ್ಲರಿ. ಇದು… ಅಂದ್ರ… ಹಿಂಗರಿ…" ಎಂದು ಮತ್ತೆ ಗಾಳಿಯಲ್ಲಿ ಎರಡು ಗೆರೆ ಬಾಗಿಸಿದೆ. ಸಾಹೇಬರು ನನ್ನ ಕೈಯನ್ನು ದಿಟ್ಟಿಸಿದರು. ಅವರ ಪೆನ್ನಿನ ಟೊಪ್ಪಿಗೆ ಆಗಲೇ ಕಳಚಿತ್ತು.

"ಸರ್ ಬೆರಳಿಲೆ ಬರೀಲಿಕ್ಕೆ ಹತ್ಯಾರೇನ್ರಿ?" ಎಂದಳು ನಮ್ಮ ಹುಡುಗಿ. "ಅವರ್ನ ಬಿಡ್ರಿ. ನೀವ ಪೆನ್ ಹಿಡೀರಿ ಸಾಹೇಬ್ರ, ಪೇಪರಿನಾಗ ಇಲ್ಲದ್ದು ಒಂದು ಹೇಳತೇನಿ. ಚೀಲ ತೆರಿ. ಎಕ್ಸ್ ಕೂಡಿಸು ಮೂರು. ಚೀಲ ಕಟ್ಟು. ಕಟ್ಟಿದ ಚೀಲದ ತಲೀ ಮ್ಯಾಲ ಸಣ್ಣ ಎರಡು."

ಸಾಹೇಬರ ಪೆನ್ನು ಫಾರ್ಮಿನ ಅಂಚಿನಲ್ಲೇ ಓಡಿತು, ನಿಂತಿತು. ಬರೆದದ್ದು (x + 3)². ಚೀಲದಲ್ಲಿದ್ದ ನೋಟುಬುಕ್ಕು ತಿರುವಿದರು: ಒಂಬತ್ತನೆಯದು, ಹತ್ತನೆಯ ಪೇಪರಿಗೆ ಕಾಪಿ ಹೊಡೆಯಲು ಬಾರದ್ದು.

"ಇದಕ್ಕ ಆವರಣ ಅಂತಾರವ್ವಾ."

"ನಮ್ಮ ಸರ್ ಹೇಳಿಲ್ಲರಿ."

ನಿಜ. ಎರಡು ವರ್ಷದಲ್ಲಿ ಒಮ್ಮೆಯೂ ಪುಸ್ತಕದ ಆ ಪದ ನಾನು ಹೇಳಿರಲಿಲ್ಲ. ಸಾಹೇಬರು ಫಾರ್ಮನ್ನು ಮಡಚಿ ಜೇಬಿಗೆ ಹಾಕಿ, ಕಳೆದುಹೋದ ಇಪ್ಪತ್ತು ನಿಮಿಷ ಕೊನೆಗೆ ಸೇರಿಸಿಕೊಡಲು ಹೇಳಿ, "ನೀವು ಗೇಟಿನ ಹೊರಗ ನಡೀರಿ" ಎಂದು ನನಗೆ ದಾರಿ ತೋರಿಸಿದರು.

ಎಲ್ಲರಿಗಿಂತ ಕೊನೆಗೆ ಅವಳು ಹೊರಬಂದಳು. "ಕಡೀ ಲೆಕ್ಕದಾಗ ಒಂದು ಆವರಣ ಮುಚ್ಚೂದು ಉಳೀತ್ರಿ. ಗಂಟಿ ಹೊಡದ್ರು." ಆ ಪದವನ್ನು ನಿಧಾನ, ಒತ್ತಿ ಹೇಳಿದಳು. ಫಲಿತಾಂಶ ಬರುವ ತನಕ ಆ ಮುಚ್ಚದ ಆವರಣದೊಳಗೇ ನನ್ನ ಊಟ, ನಿದ್ದೆ ಎಲ್ಲ ನಡೆಯಿತು.

ಶಾಲೆಯ ಗೋಡೆಗೆ ಪಾಸಾದವರ ಪಟ್ಟಿ ಅಂಟಿಸಿದ ದಿನ ಗುಂಪು ಸೀಳಿ ನುಗ್ಗಿದೆ. ಅವಳ ನಂಬರು ಕಂಡಿತು. "ಐತಿ! ಇಲ್ಲೈತಿ ನೋಡು!" ಎಂದು ಕೂಗುತ್ತ ಬೆರಳಿಟ್ಟೆ.

ಅಪ್ಪನ ತೋಳು ಹಿಡಿದು ಹಿಂದೆ ನಿಂತಿದ್ದವಳು ನಗಲಿಲ್ಲ. "ಓದಿ ಹೇಳ್ರಿ, ಸರ್."

ಅವಳ ನಂಬರಿನ ಒಂದೊಂದೇ ಅಂಕಿಯನ್ನು ಗಟ್ಟಿಯಾಗಿ ಓದಿದೆ.